ಸೊನ್ನೆಯಲ್ಲದ ಸೊನ್ನೆ

ಪುಣೆಯ ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್‌ಗೆ ಪ್ಲೈವುಡ್ ಕೊಳ್ಳಲು ಹೋದವರು ‘ಇ-ಝೀರೋ’ ಎಂದರೆ ಫಾರ್ಮಾಲ್ಡಿಹೈಡ್ ಸೊನ್ನೆ ಎಂದು ತಿಳಿದರೆ ತಪ್ಪು ಅವರದಲ್ಲ. ಹೆಸರೇ ಹಾಗಿದೆ. ಆದರೆ ಅದು ಅಳತೆಯಲ್ಲ, ಒಂದು ದರ್ಜೆಯ ಹೆಸರು. ಇ-2ಗಿಂತ ಇ-1 ಕಡಿಮೆ ಅನಿಲ ಬಿಡುತ್ತದೆ, ಇ-1ಗಿಂತ ಇ-0 ಇನ್ನೂ ಕಡಿಮೆ. ಬಿಡುವುದಂತೂ ಬಿಡುತ್ತದೆ.

ಅಗ್ಗದ ಪಾರ್ಟಿಕಲ್ ಬೋರ್ಡ್, ಎಂಡಿಎಫ್‌ಗಳನ್ನು ಹಿಡಿದಿಟ್ಟಿರುವುದು ಹೆಚ್ಚಾಗಿ ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟು. ತೇವ, ಸೆಕೆ ತಗುಲಿದರೆ ಈ ಅಂಟಿನ ಬೆಸುಗೆ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ, ಅನಿಲ ಹೊರಬರುತ್ತದೆ. ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ವಾಕಡ್, ಹಿಂಜೇವಾಡಿಯ ಫ್ಲಾಟುಗಳಲ್ಲಿ ಬೀರು ತೆರೆದಾಗ ಕಣ್ಣು ಉರಿದರೆ ಅದಕ್ಕೊಂದು ಮುದ್ದಿನ ಹೆಸರು ಬೇರೆ: ‘ಹೊಸ ಮನೆಯ ವಾಸನೆ’. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಖಚಿತವಾದ ವಸ್ತುಗಳ ಗುಂಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫಾರ್ಮಾಲ್ಡಿಹೈಡನ್ನು ಸೇರಿಸಿದ್ದು 2004ರಲ್ಲಿ. ಮನೆಯವರಿಗಿಂತ ಮೊದಲು ಅದನ್ನು ಉಸಿರಾಡುವವರು ಬೋರ್ಡ್ ಒತ್ತುವ ಕಾರ್ಮಿಕರು, ಅದನ್ನು ಕೊಯ್ಯುವ ಬಡಗಿಗಳು.

ಬೇರೆ ದಾರಿ ಇಲ್ಲವೆನ್ನುವಂತಿಲ್ಲ. ಅಲೆ ಹೊಡೆದರೂ ಬಂಡೆ ಬಿಡದ ನೀಲಿಕಲ್ಲು ಎಂಬ ಚಿಪ್ಪುಜೀವಿಯ ಪ್ರೋಟೀನಿನಿಂದ ಸುಳಿವು ಪಡೆದು, ಅಮೆರಿಕದ ಒರೆಗಾನ್ ಸ್ಟೇಟ್ ಯೂನಿವರ್ಸಿಟಿಯ ಕೈಚಾಂಗ್ ಲಿ ಸೋಯಾ ಹಿಟ್ಟಿನ ಅಂಟು ರೂಪಿಸಿದರು. ಅಲ್ಲಿನ ಕೊಲಂಬಿಯಾ ಫಾರೆಸ್ಟ್ ಪ್ರಾಡಕ್ಟ್ಸ್ 2005ರಿಂದ ಅದರಲ್ಲಿ ಪ್ಲೈವುಡ್ ಮಾಡುತ್ತಿದೆ. ನೀರು ತಡೆಯಲು ಅದಕ್ಕೂ ಒಂದು ಕೃತಕ ರಾಳ ಬೆರೆಸುತ್ತಾರೆ, ಹಾಗಾಗಿ ‘ನೈಸರ್ಗಿಕ’ ಎಂಬ ಮಾತನ್ನು ಅಲ್ಲಿಯೂ ಅರ್ಧ ನಂಬಬೇಕು. ಆದರೆ ಫಾರ್ಮಾಲ್ಡಿಹೈಡ್ ಬೆರೆಸುವುದಿಲ್ಲ. ಸೋಯಾ ಬೆಳೆಯುವ ಲಾತೂರು ಪುಣೆಗೆ ದೂರವೇನಲ್ಲ.

ಪುಣೆಗೆ ವಿದ್ಯೆಯ ಕೊರತೆಯೂ ಇಲ್ಲ. 1950ರಿಂದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಇಲ್ಲಿದೆ. ಇಲ್ಲಿನ ಪ್ರಾಜ್ ಕಂಪನಿಯ ತಂತ್ರಜ್ಞಾನದಿಂದ ಪಾಣಿಪತ್ತಿನಲ್ಲಿ ಭತ್ತದ ಹುಲ್ಲು ಎಥೆನಾಲ್ ಆಗುತ್ತಿದೆ. ಹುಲ್ಲಿನಲ್ಲಿ ಉಳಿಯುವ ಲಿಗ್ನಿನ್, ಅಂದರೆ ಗಿಡಗಳ ಸ್ವಂತ ಅಂಟು, ಡಾಂಬರಿಗೆ ಬೆರೆತು 2024ರಲ್ಲಿ ನಾಗಪುರದ ಬಳಿ ಹೆದ್ದಾರಿಗೂ ಇಳಿಯಿತು. ರಸ್ತೆಗೆ ಆದದ್ದು ಬೀರುವಿಗೆ ಯಾಕಾಗದು?

ಇಲ್ಲಿಯೇ ಎಚ್ಚರ ಬೇಕು. ‘ಲಿಗ್ನಿನ್ ಅಂಟು’, ‘ಗೇರುಸಿಪ್ಪೆ ಎಣ್ಣೆಯ ಅಂಟು’ ಎಂಬ ಹೆಸರುಗಳ ಹಿಂದೆ ಹೆಚ್ಚಾಗಿ ಬದಲಾಗುವುದು ಫೀನಾಲ್ ಮಾತ್ರ. ಫಾರ್ಮಾಲ್ಡಿಹೈಡ್ ಇದ್ದಲ್ಲೇ ಇರುತ್ತದೆ. ಕಂಪನಿಗೆ ದುಬಾರಿ ಕಚ್ಚಾವಸ್ತು ಉಳಿಯಿತು, ಜಾಹೀರಾತಿಗೆ ಹಸಿರು ಎಲೆ ಸಿಕ್ಕಿತು, ಬಡಗಿಗೆ ಅದೇ ಗಾಳಿ. ಸಾರ್ವಜನಿಕ ಹಣದ ಸಂಶೋಧನೆ ಮೊದಲು ಗುರಿಯಿಡಬೇಕಾದದ್ದು ಫೀನಾಲಿಗಲ್ಲ.

ಅಮೆರಿಕದ ನಿಯಮ ‘ಫಾರ್ಮಾಲ್ಡಿಹೈಡ್ ಸೇರಿಸಿಲ್ಲ’ ಎನ್ನುತ್ತದೆ, ‘ಇಲ್ಲ’ ಎನ್ನುವುದಿಲ್ಲ. ಮರವೇ ಅದನ್ನು ತುಸು ಬಿಡುತ್ತದೆ, ನೋಡಿ. ಅಷ್ಟು ನಿಖರವಾದ ಮಾತು ಇಲ್ಲಿನ ಹಲಗೆಗಳ ಮೇಲೂ ಬರಲಿ: ಅಂಟಿಗೆ ಏನೇನು ಹಾಕಿದ್ದಾರೆ, ಪರೀಕ್ಷೆಯಲ್ಲಿ ಎಷ್ಟು ಅನಿಲ ಬಂತು, ಯಾವ ವಿಧಾನದ ಪರೀಕ್ಷೆ. ಮರಾಠಿಯಲ್ಲೂ ಕನ್ನಡದಲ್ಲೂ ಬರೆದಿರಲಿ, ಬಡಗಿ ಓದುವಷ್ಟು ದಪ್ಪ ಅಕ್ಷರದಲ್ಲಿ.