ಮಕ್ಕಳ ನಿರ್ಲಕ್ಷ್ಯದ ಕಾನೂನು ಮತ್ತು ಮಕ್ಕಳ ಸ್ವತಂತ್ರ ಚಟುವಟಿಕೆ (ಅಮೆರಿಕ ಸಂಯುಕ್ತ ಸಂಸ್ಥಾನ)

ಮಕ್ಕಳ ಸ್ವತಂತ್ರ ಚಟುವಟಿಕೆ ಎಂದರೆ ಹಿರಿಯರ ನೇರ ಮೇಲ್ವಿಚಾರಣೆಯಿಲ್ಲದೆ ಮಕ್ಕಳು ಶಾಲೆಗೆ ನಡೆದು ಹೋಗುವುದು, ಹೊರಾಂಗಣದಲ್ಲಿ ಆಡುವುದು, ಅಂಗಡಿಗೆ ಹೋಗಿಬರುವುದು ಅಥವಾ ಕೆಲಕಾಲ ಮನೆಯಲ್ಲಿ ಒಬ್ಬರೇ ಇರುವುದು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇಂತಹ ಚಟುವಟಿಕೆಗೆ ಅನುಮತಿ ನೀಡಿದ ಪೋಷಕರ ಮೇಲೆ ನಿರ್ಲಕ್ಷ್ಯದ ಆರೋಪ ಹೊರಿಸಿದ ಪ್ರಸಂಗಗಳು ನಡೆದಿವೆ. ಇದರ ಪರಿಣಾಮವಾಗಿ 2018ರಿಂದ ಹಲವು ರಾಜ್ಯಗಳು ನಿರ್ಲಕ್ಷ್ಯದ ಕಾನೂನುಬದ್ಧ ವ್ಯಾಖ್ಯೆಯನ್ನು ತಿದ್ದಿವೆ.

ಹಿನ್ನೆಲೆ

1974ರ ಮಕ್ಕಳ ದೌರ್ಜನ್ಯ ತಡೆ ಮತ್ತು ಚಿಕಿತ್ಸಾ ಕಾಯಿದೆಯು ಈ ವಿಷಯದಲ್ಲಿ ಒಕ್ಕೂಟದ ಮೂಲ ಕಾನೂನಾಗಿದೆ. ಅದು ಕನಿಷ್ಠ ವ್ಯಾಖ್ಯೆಯನ್ನು ಮಾತ್ರ ನೀಡುತ್ತದೆ. ಉಳಿದ ವಿವರಗಳನ್ನು ಆಯಾ ರಾಜ್ಯಗಳೇ ನಿರ್ಧರಿಸುತ್ತವೆ. ಅನೇಕ ರಾಜ್ಯಗಳ ಕಾನೂನುಗಳಲ್ಲಿ "ಸೂಕ್ತ ಮೇಲ್ವಿಚಾರಣೆ"ಯ ಕೊರತೆಯೇ ನಿರ್ಲಕ್ಷ್ಯವೆನಿಸಿತ್ತು. ಸೂಕ್ತವಾದುದು ಯಾವುದು ಎಂಬ ತೀರ್ಮಾನ ಪೊಲೀಸರ ಮತ್ತು ಮಕ್ಕಳ ರಕ್ಷಣಾ ಅಧಿಕಾರಿಗಳ ವಿವೇಚನೆಗೆ ಉಳಿಯಿತು.

2008ರಲ್ಲಿ ಪತ್ರಕರ್ತೆ ಲೆನೋರ್ ಸ್ಕೆನಾಜಿ ಅವರು ತಮ್ಮ 9 ವರ್ಷದ ಮಗನಿಗೆ ನ್ಯೂಯಾರ್ಕ್ ಸುರಂಗ ರೈಲಿನಲ್ಲಿ ಒಬ್ಬನೇ ಪ್ರಯಾಣಿಸಲು ಬಿಟ್ಟುದನ್ನು ಅಂಕಣದಲ್ಲಿ ಬರೆದರು. ಅದು ವ್ಯಾಪಕ ಚರ್ಚೆಗೆ ಕಾರಣವಾಯಿತು. 2014ರಲ್ಲಿ ದಕ್ಷಿಣ ಕ್ಯಾರೊಲೈನಾದಲ್ಲಿ, ತಾನು ಕೆಲಸಕ್ಕೆ ಹೋದಾಗ 9 ವರ್ಷದ ಮಗಳನ್ನು ಉದ್ಯಾನದಲ್ಲಿ ಆಡಲು ಬಿಟ್ಟ ತಾಯಿಯೊಬ್ಬರನ್ನು ಬಂಧಿಸಲಾಯಿತು. ಅದೇ ವರ್ಷದ ಕೊನೆಯಲ್ಲಿ ಮೇರಿಲ್ಯಾಂಡಿನ ಸಿಲ್ವರ್ ಸ್ಪ್ರಿಂಗ್‌ನಲ್ಲಿ ಉದ್ಯಾನದಿಂದ ಮನೆಗೆ ನಡೆದು ಬರುತ್ತಿದ್ದ 10 ಮತ್ತು 6 ವರ್ಷದ ಮಕ್ಕಳನ್ನು ಪೊಲೀಸರು ತಡೆದರು. ಪೋಷಕರು ತನಿಖೆ ಎದುರಿಸಬೇಕಾಯಿತು. ಮೇರಿಲ್ಯಾಂಡ್ ಕಾನೂನು 8 ವರ್ಷದೊಳಗಿನ ಮಗುವನ್ನು ಕಟ್ಟಡದಲ್ಲಿ ಅಥವಾ ವಾಹನದಲ್ಲಿ ಒಂಟಿಯಾಗಿ ಬಿಡುವುದನ್ನು ನಿಷೇಧಿಸುತ್ತದೆಯೇ ಹೊರತು, ಬೀದಿಯಲ್ಲಿ ನಡೆಯುವುದರ ಬಗ್ಗೆ ಏನನ್ನೂ ಹೇಳುವುದಿಲ್ಲ.

ಶಾಸನಗಳು

2018ರಲ್ಲಿ ಯೂಟಾ ಈ ದಿಸೆಯಲ್ಲಿ ಕಾನೂನು ರೂಪಿಸಿದ ಮೊದಲ ರಾಜ್ಯವಾಯಿತು. ಮೂಲಭೂತ ಅಗತ್ಯಗಳು ಪೂರೈಕೆಯಾಗಿರುವ, ಅಪಾಯದಿಂದ ಪಾರಾಗಲು ತಕ್ಕ ವಯಸ್ಸು ಮತ್ತು ಪ್ರೌಢಿಮೆಯುಳ್ಳ ಮಗುವಿಗೆ ಸ್ವತಂತ್ರ ಚಟುವಟಿಕೆಗೆ ಅನುಮತಿ ನೀಡುವುದು ನಿರ್ಲಕ್ಷ್ಯವಲ್ಲ ಎಂದು ಅದು ಸ್ಪಷ್ಟಪಡಿಸಿತು. ನಿರ್ದಿಷ್ಟ ವಯಸ್ಸನ್ನು ಮಾತ್ರ ನಿಗದಿಪಡಿಸಲಿಲ್ಲ. 2021ರಲ್ಲಿ ಟೆಕ್ಸಾಸ್ ಮತ್ತು ಒಕ್ಲಹೋಮ, 2022ರಲ್ಲಿ ಕೊಲೊರಾಡೊ, 2023ರಲ್ಲಿ ವರ್ಜೀನಿಯಾ, ಇಲಿನಾಯ್, ಕನೆಕ್ಟಿಕಟ್ ಮತ್ತು ಮೊಂಟಾನಾ ರಾಜ್ಯಗಳು ಇದೇ ಹಾದಿ ಹಿಡಿದವು. ಇಲಿನಾಯ್ ಕಾನೂನಿನಲ್ಲಿ ಹಿಂದೆ 14 ವರ್ಷದ ಉಲ್ಲೇಖವಿದ್ದುದರಿಂದ, ಅದಕ್ಕಿಂತ ಚಿಕ್ಕ ಮಕ್ಕಳನ್ನು ಮನೆಯಲ್ಲಿ ಬಿಡುವುದೇ ಅಪರಾಧವೆಂಬ ತಿಳಿವಳಿಕೆ ಜನರಲ್ಲಿ ಬೆಳೆದಿತ್ತು.

ವಿಶ್ಲೇಷಣೆ

ಈ ತಿದ್ದುಪಡಿಗಳ ಮಹತ್ವ ಬಡ ಕುಟುಂಬಗಳ ವಿಷಯದಲ್ಲಿ ಹೆಚ್ಚು. ಶಿಶುಪಾಲನೆಗೆ ಹಣ ತೆರಲಾಗದ ತಾಯಿಗೆ ಮಗುವನ್ನು ಒಂಟಿಯಾಗಿ ಬಿಡುವುದು ಆಯ್ಕೆಯಲ್ಲ, ಅನಿವಾರ್ಯತೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ, ಅಮೆರಿಕದ ಸುಮಾರು ಶೇ. 37ರಷ್ಟು ಮಕ್ಕಳು 18 ವರ್ಷ ತುಂಬುವುದರೊಳಗೆ ಮಕ್ಕಳ ರಕ್ಷಣಾ ಇಲಾಖೆಯ ತನಿಖೆಗೆ ಒಳಪಡುತ್ತಾರೆ. ಕಪ್ಪು ವರ್ಣೀಯ ಮಕ್ಕಳಲ್ಲಿ ಈ ಪ್ರಮಾಣ ಶೇ. 53. ಆರೋಪ ಸಾಬೀತಾಗದಿದ್ದರೂ, ಮಗುವನ್ನು ಕಿತ್ತುಕೊಂಡಾರೆಂಬ ಭಯ ಕುಟುಂಬವನ್ನು ಕಾಡುತ್ತದೆ.

ಇನ್ನೊಂದೆಡೆ, ನಿಜವಾದ ನಿರ್ಲಕ್ಷ್ಯವೂ ಇಂತಹ ವಿನಾಯಿತಿಯ ಮರೆಯಲ್ಲಿ ಅಡಗಬಹುದೆಂಬ ಆತಂಕವಿದೆ. ಅತಿ ಎಳೆಯ ಮಕ್ಕಳಿಗೆ ಮೇಲ್ವಿಚಾರಣೆಯ ಕೊರತೆ ಪ್ರಾಣಾಂತಿಕವಾಗಬಲ್ಲದು. "ತಕ್ಕ ಪ್ರೌಢಿಮೆ" ಎಂಬ ಪದವೂ ಅಧಿಕಾರಿಯ ವಿವೇಚನೆಯನ್ನು ಸಂಪೂರ್ಣವಾಗಿ ನಿವಾರಿಸುವುದಿಲ್ಲ. ಆದರೆ ವಯಸ್ಸನ್ನು ನಿಗದಿಪಡಿಸಿದರೆ ಮಗುವಿನ ಸಾಮರ್ಥ್ಯ, ರಸ್ತೆಯ ಸ್ಥಿತಿ, ನೆರೆಹೊರೆ ಮೊದಲಾದವು ಲೆಕ್ಕಕ್ಕೆ ಬರುವುದಿಲ್ಲ.

ನಿರ್ಲಕ್ಷ್ಯದ ವ್ಯಾಖ್ಯೆಯನ್ನು ತಿದ್ದಿದ ಮಾತ್ರಕ್ಕೆ ಸಮಸ್ಯೆ ಬಗೆಹರಿಯುವುದೂ ಇಲ್ಲ. 2024ರಲ್ಲಿ ಜಾರ್ಜಿಯಾದಲ್ಲಿ 10 ವರ್ಷದ ಮಗ ಒಬ್ಬನೇ ಊರೊಳಕ್ಕೆ ನಡೆದು ಹೋದುದಕ್ಕಾಗಿ ತಾಯಿಯನ್ನು ಬಂಧಿಸಿದಾಗ ಹೊರಿಸಿದ್ದು ಅಜಾಗರೂಕ ವರ್ತನೆಯ ಕ್ರಿಮಿನಲ್ ಆರೋಪ. ಕುಟುಂಬ ಕಾನೂನು ಮತ್ತು ದಂಡ ಕಾನೂನು ಎರಡೂ ಒಂದೇ ಮಾನದಂಡವನ್ನು ಅನುಸರಿಸದಿದ್ದರೆ ಪೋಷಕರಿಗೆ ದೊರೆಯುವ ರಕ್ಷಣೆ ಅಪೂರ್ಣವಾಗಿಯೇ ಉಳಿಯುತ್ತದೆ.