ಶಾಲೆಯ ಬೀದಿ ಮತ್ತು ಕ್ಯಾಮರಾದ ಸಾಕ್ಷ್ಯ

ಮಕ್ಕಳು ಶಾಲೆಗೆ ನಡೆದುಹೋಗುವ ಬೀದಿಯಲ್ಲಿ ಮೋಟಾರು ಎಷ್ಟು ವೇಗದಿಂದ ಓಡಬಹುದು, ಆ ಮಿತಿಯನ್ನು ಮೀರಿದವನನ್ನು ಹಿಡಿಯುವವರು ಯಾರು, ಹಿಡಿದ ಮೇಲೆ ಅವನ ಅಹವಾಲನ್ನು ಕೇಳುವವರು ಯಾರು ಎಂಬ ಮೂರು ಪ್ರಶ್ನೆಗಳು ಮೇಲುನೋಟಕ್ಕೆ ಅಲ್ಪವಾಗಿ ಕಾಣಬಹುದು. ಆದರೆ ಒಂದು ನಗರದ ಆಡಳಿತದ ಯೋಗ್ಯತೆಯನ್ನು ಅಳೆಯುವುದಕ್ಕೆ ಇವುಗಳಿಗಿಂತ ಉತ್ತಮವಾದ ಮಾನದಂಡ ದೊರೆಯುವುದು ಕಷ್ಟ. ಅಮೆರಿಕದ ನ್ಯೂಯಾರ್ಕ್ ನಗರವು ಈ ಪ್ರಶ್ನೆಗಳಿಗೆ 2013ರಿಂದ ಈಚೆಗೆ ಕೊಟ್ಟಿರುವ ಉತ್ತರವನ್ನು, ರಸ್ತೆಯ ಕಾವಲನ್ನು ದಿನೇ ದಿನೇ ಯಂತ್ರಗಳಿಗೆ ಒಪ್ಪಿಸುತ್ತಿರುವ ನಮ್ಮ ನಾಡಿನವರು ಗಮನವಿಟ್ಟು ಪರಿಶೀಲಿಸತಕ್ಕದ್ದು.

ಆ ವರ್ಷ ನ್ಯೂಯಾರ್ಕ್ ರಾಜ್ಯದ ಶಾಸನಸಭೆಯು 20 ಶಾಲಾವಲಯಗಳಲ್ಲಿ ವೇಗವನ್ನು ಅಳೆಯುವ ಕ್ಯಾಮರಾಗಳನ್ನು ಪ್ರಯೋಗಾರ್ಥವಾಗಿ ಇಡಲು ನಗರಕ್ಕೆ ಅನುಮತಿ ಕೊಟ್ಟಿತು. ಶಾಲೆಯ ಸುತ್ತಲಿನ ಕಾಲು ಮೈಲಿಯೊಳಗಿನ ಪ್ರದೇಶವೇ ಶಾಲಾವಲಯ. ವಲಯಗಳ ಸಂಖ್ಯೆ 2014ರಲ್ಲಿ 140ಕ್ಕೂ 2019ರಲ್ಲಿ 750ಕ್ಕೂ ಏರಿತು. ಮೊದಮೊದಲು ಶಾಲೆ ನಡೆಯುವ ವೇಳೆಯಲ್ಲಿ ಮಾತ್ರ ಎಚ್ಚರವಾಗಿರುತ್ತಿದ್ದ ಈ ಕಣ್ಣುಗಳು 2022ರ ಆಗಸ್ಟ್ 1ರಿಂದ ಹಗಲಿರುಳೂ ತೆರೆದಿವೆ. ನಡುವೆ 2018ರ ಜುಲೈ ತಿಂಗಳಲ್ಲಿ ಶಾಸನಸಭೆಯ ಪಕ್ಷಗಳ ಜಗಳದಿಂದ ಕಾಯಿದೆಯ ಅವಧಿ ತೀರಿ ದಂಡ ಹಾಕುವುದೇ ನಿಂತುಹೋಯಿತು. ಬೇಸಗೆಯ ರಜೆ ಮುಗಿದು ಶಾಲೆಗಳು ಬಾಗಿಲು ತೆರೆಯುವುದಕ್ಕೆ ಮುಂಚೆ ರಾಜ್ಯಪಾಲರ ಆಜ್ಞೆಯೂ ನಗರಸಭೆಯ ಶಾಸನವೂ ಸೇರಿ ಅದನ್ನು ಮತ್ತೆ ಜಾರಿಗೆ ತರಬೇಕಾಯಿತು. ಮಕ್ಕಳ ಪ್ರಾಣಕ್ಕೆ ಸಂಬಂಧಿಸಿದ ಕಾಯಿದೆಯನ್ನು ಪಕ್ಷಗಳ ಹಗ್ಗಜಗ್ಗಾಟಕ್ಕೆ ಒಡ್ಡಿದರೆ ಏನಾಗುವುದೆಂಬುದಕ್ಕೆ ಇದೊಂದು ಪಾಠ. 2025ರಲ್ಲಿ ಅದರ ಅವಧಿಯನ್ನು 2030ರವರೆಗೆ ಮುಂದುವರಿಸಲಾಗಿದೆ.

ಯಂತ್ರದ ಕೆಲಸದಲ್ಲಿ ಮಾಯೆಯೇನೂ ಇಲ್ಲ. ರಾಡಾರ್ ಉಪಕರಣವು ಬರುತ್ತಿರುವ ವಾಹನದತ್ತ ರೇಡಿಯೋ ಅಲೆಗಳನ್ನು ಕಳುಹಿಸಿ, ಹಿಂದಿರುಗುವ ಅಲೆಯ ಕಂಪನದಲ್ಲಿ ಉಂಟಾದ ವ್ಯತ್ಯಾಸದಿಂದ ವೇಗವನ್ನು ಲೆಕ್ಕ ಹಾಕುತ್ತದೆ. ಮಿತಿಗಿಂತ ಗಂಟೆಗೆ 10 ಮೈಲಿಯನ್ನೂ ದಾಟಿದ ವೇಗ ಕಂಡರೆ ಮಾತ್ರ ದಂಡ. ಆಗ ದಿನ, ವೇಳೆ, ಸ್ಥಳ, ವೇಗ ಇವುಗಳೊಡನೆ ವಾಹನದ ಸಂಖ್ಯಾಫಲಕದ ಚಿತ್ರವೂ ದಾಖಲಾಗುತ್ತದೆ. ಅಷ್ಟರಿಂದಲೇ ಯಾರೂ ದಂಡಾರ್ಹರಾಗುವುದಿಲ್ಲ. ಚಿತ್ರಗಳನ್ನು ಒಬ್ಬ ಮನುಷ್ಯನು ಪರೀಕ್ಷಿಸಿ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ಯಂತ್ರವು ಸರಿಯಾಗಿದೆಯೇ ಎಂಬ ಪರೀಕ್ಷೆಯನ್ನು ಅದು ಕೆಲಸ ಮಾಡುವ ದಿನದಂದು ನಡೆಯಿಸಿ ಬರೆದಿಡಬೇಕು. ವರ್ಷಕ್ಕೊಮ್ಮೆ ಸ್ವತಂತ್ರ ಪ್ರಯೋಗಶಾಲೆಯೊಂದು ಅದರ ಅಳತೆಯನ್ನು ತಾಳೆ ನೋಡಬೇಕು. ಸಾಕ್ಷಿಯನ್ನು ನಂಬುವ ಮೊದಲು ಸಾಕ್ಷಿಯನ್ನೇ ಪರೀಕ್ಷಿಸುವ ಈ ಕಟ್ಟಳೆ ಮೆಚ್ಚತಕ್ಕದ್ದು.

ಹತ್ತು ಮೈಲಿಯ ಈ ಸಡಿಲಿಕೆ ಎಷ್ಟು ಉದಾರವಾದದ್ದೆಂಬುದನ್ನು ವಾಚಕರು ಎಣಿಸಿ ನೋಡಬಹುದು. 2014ರ ನವೆಂಬರಿನಿಂದ ಆ ನಗರದ ಸಾಮಾನ್ಯ ವೇಗಮಿತಿ ಗಂಟೆಗೆ 25 ಮೈಲಿ, ಎಂದರೆ ಸುಮಾರು 40 ಕಿಲೋಮೀಟರು. ಆ ವೇಗದಲ್ಲಿ ವಾಹನವು ಕ್ಷಣವೊಂದಕ್ಕೆ 11 ಮೀಟರು ಸಾಗುತ್ತದೆ. 36 ಮೈಲಿಯ ವೇಗದಲ್ಲಿ 16 ಮೀಟರು. ಓಡುವ ವಸ್ತುವಿನ ಶಕ್ತಿಯು ವೇಗದ ವರ್ಗಕ್ಕನುಸಾರವಾಗಿ ಬೆಳೆಯುವುದರಿಂದ, ಎರಡನೆಯ ವಾಹನದ ಹೊಡೆತದಲ್ಲಿ ಮೊದಲನೆಯದಕ್ಕಿಂತ ಇಮ್ಮಡಿಗೂ ಮಿಗಿಲಾದ ಶಕ್ತಿಯಿರುತ್ತದೆ. ಹೀಗೆ ಕ್ಯಾಮರಾ ಹಿಡಿಯುವುದು ಕೂದಲೆಳೆಯಷ್ಟು ತಪ್ಪಿದವನನ್ನಲ್ಲ. ಅಪಾಯವನ್ನು ಎರಡರಷ್ಟು ಮಾಡಿದವನನ್ನು.

ಇಷ್ಟಾದರೂ ದಂಡ 50 ಡಾಲರು ಮಾತ್ರ. ಹೊಣೆ ವಾಹನದ ಮಾಲೀಕನದು. ಚಾಲಕನು ಯಾರೆಂಬುದು ಚಿತ್ರದಿಂದ ನಿಶ್ಚಯವಾಗದ ಕಾರಣ ಅವನ ಪರವಾನಗಿಯ ಮೇಲೆ ಕಳಂಕ ಬೀಳುವುದಿಲ್ಲ; ವಿಮೆಯ ಕಂತನ್ನು ಏರಿಸಲು ಇದನ್ನು ಬಳಸುವಂತೆಯೂ ಇಲ್ಲ. ರಾಜ್ಯದೊಳಗಿನ ಮಾಲೀಕನಿಗೆ 14 ಕೆಲಸದ ದಿನಗಳೊಳಗೆ ನೋಟೀಸು ಅಂಚೆಗೆ ಬೀಳಬೇಕು. ಅದನ್ನು ಪಡೆದವನಿಗೆ ಎರಡೇ ದಾರಿ: 30 ದಿನಗಳೊಳಗೆ ಹಣ ಕಟ್ಟುವುದು, ಇಲ್ಲವೆ ವಿಚಾರಣೆಯನ್ನು ಕೇಳುವುದು. ವಿಚಾರಣೆಯನ್ನು ಅಂಚೆಯ ಮೂಲಕವಾಗಲಿ ಅಂತರ್ಜಾಲದ ಮೂಲಕವಾಗಲಿ ಖುದ್ದಾಗಿ ಹೋಗಿಯಾಗಲಿ ನಡೆಯಿಸಿಕೊಳ್ಳಬಹುದು. ವಾಹನವು ಅದಕ್ಕೆ ಮೊದಲೇ ಕಳುವಾಗಿ ಪೋಲೀಸರಲ್ಲಿ ದೂರು ದಾಖಲಾಗಿತ್ತು, ಮಾರಾಟವಾಗಿತ್ತು, ಅಥವಾ ಚಿತ್ರದಲ್ಲಿರುವ ಸಂಖ್ಯೆ ತನ್ನದಲ್ಲ ಎಂಬ ವಾದಗಳನ್ನು ಕಾಗದಪತ್ರಗಳ ಆಧಾರದೊಡನೆ ಮಂಡಿಸಿದರೆ ಬಿಡುಗಡೆಯುಂಟು. ನಾನು ನಡೆಸುತ್ತಿರಲಿಲ್ಲವೆಂಬ ವಾದ ಮಾತ್ರ ನಡೆಯದು. ತೀರ್ಪು ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೂ ಅವಕಾಶವಿದೆ. ಎರಡು ದಾರಿಯನ್ನೂ ಬಿಟ್ಟು ಸುಮ್ಮನಿದ್ದವನಿಗೆ ಮಾತ್ರ 25 ಡಾಲರಿನ ಹೆಚ್ಚುವರಿ ದಂಡವೂ, ಬಳಿಕ ಅವನ ಗೈರುಹಾಜರಿಯಲ್ಲಿಯೇ ತೀರ್ಪೂ ಕಾದಿರುತ್ತವೆ.

ಇದು ಬೊಕ್ಕಸ ತುಂಬುವ ಉಪಾಯವೆಂದು ಆಕ್ಷೇಪಿಸುವವರು ಅಲ್ಲಿಯೂ ಇದ್ದಾರೆ. ಆದರೆ ಸ್ಥಿರ ಕ್ಯಾಮರಾಗಳನ್ನು ಇಟ್ಟ ಸ್ಥಳಗಳಲ್ಲಿ ಅತಿವೇಗವು ಸರಾಸರಿ ಶೇಕಡಾ 70ಕ್ಕಿಂತ ಹೆಚ್ಚಾಗಿ ಇಳಿದಿದೆಯೆಂದು ನಗರದ ಸಾರಿಗೆ ಇಲಾಖೆಯು ವರದಿ ಮಾಡಿದೆ. ತನ್ನ ಆದಾಯವನ್ನು ತಾನೇ ಕುಗ್ಗಿಸಿಕೊಳ್ಳುವ ಕ್ರಮವನ್ನು ಸುಲಿಗೆಯೆಂದು ಕರೆಯುವುದು ನ್ಯಾಯವಲ್ಲ. ಇದಕ್ಕಿಂತ ಗಂಭೀರವಾದ ಕೊರತೆ ಬೇರೆಯಿದೆ. ಹಣವುಳ್ಳವನು 50 ಡಾಲರನ್ನು ಸುಂಕದಂತೆ ಎಣಿಸಿಕೊಟ್ಟು ವೇಗವನ್ನು ಮುಂದುವರಿಸಬಹುದು. ಕುಟಿಲನು ಸಂಖ್ಯಾಫಲಕವನ್ನೇ ಮರೆಮಾಡಬಹುದು. ವರ್ಷದಲ್ಲಿ 15 ಬಾರಿ ಶಾಲಾವಲಯದ ಕ್ಯಾಮರಾಕ್ಕೆ ಸಿಕ್ಕಿದ ವಾಹನದ ಮಾಲೀಕನು ಸುರಕ್ಷತೆಯ ಪಾಠಕ್ಕೆ ಹಾಜರಾಗಬೇಕೆಂದು 2020ರಲ್ಲಿ ನಗರವು ಮಾಡಿದ ಕಾಯಿದೆಯು 2023ರಲ್ಲಿ ಅವಧಿ ತೀರಿ ಬಿದ್ದುಹೋಯಿತು. ಯಂತ್ರವು ಬಹುಜನರನ್ನು ತಿದ್ದೀತು. ಹಟಮಾರಿಗಳನ್ನು ತಿದ್ದುವುದು ಸರಕಾರದ ಕರ್ತವ್ಯವಾಗಿಯೇ ಉಳಿಯುತ್ತದೆ.

ಇನ್ನು ನಮ್ಮ ಮನೆಯ ಮಾತು. 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯು ಯಂತ್ರಗಳ ಮೂಲಕ ರಸ್ತೆಯ ಕಾವಲಿಗೆ ಅಧಿಕಾರ ಕೊಟ್ಟು, ಹಗುರ ವಾಹನದ ಅತಿವೇಗಕ್ಕೆ 1,000ದಿಂದ 2,000 ರೂಪಾಯಿಗಳ ದಂಡವನ್ನು ಗೊತ್ತುಮಾಡಿತು. 2021ರ ಆಗಸ್ಟಿನಲ್ಲಿ ಹೊರಟ ಕೇಂದ್ರ ನಿಯಮವು ಉಪಕರಣಕ್ಕೆ ಪ್ರಮಾಣಪತ್ರವಿರಬೇಕು, ಕ್ಯಾಮರಾ ಇರುವುದನ್ನು ಫಲಕದಿಂದ ತಿಳಿಸಬೇಕು, ತಪ್ಪು ನಡೆದ 15 ದಿನಗಳೊಳಗೆ ನೋಟೀಸು ಕಳುಹಿಸಬೇಕು ಎಂದು ವಿಧಿಸಿತು. ಕಾಗದದ ಮೇಲೆ ನಾವು ಯಾರಿಗೂ ಹಿಂದೆ ಬಿದ್ದವರಲ್ಲ. ಆದರೆ 2023ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವು ಬಾಕಿ ಬಿದ್ದ ಸಂಚಾರ ದಂಡಗಳಿಗೆ ಶೇಕಡಾ 50 ರಿಯಾಯತಿ ಸಾರಿತು. ಜನ ಮುಗಿಬಿದ್ದು ನೂರು ಕೋಟಿ ರೂಪಾಯಿಗಳಿಗೂ ಮೀರಿ ಕಟ್ಟಿದರು. 2025ರಲ್ಲಿ ಮತ್ತೆ ಅದೇ ರಿಯಾಯತಿ ಬಂದಿತು. ಇದರ ಅರ್ಥವೇನು? ವೇಳೆಗೆ ಸರಿಯಾಗಿ ದಂಡ ತೆತ್ತವನು ಪೂರ್ತಿ ತೆತ್ತನು. ಅಲಕ್ಷ್ಯ ಮಾಡಿದವನು ಅರ್ಧ ತೆತ್ತನು. ಕಾಯಿದೆಯನ್ನು ಗೌರವಿಸಿದವನೇ ದಡ್ಡನೆನಿಸುವಂಥ ಈ ನಡತೆಯು ಬೊಕ್ಕಸಕ್ಕೆ ಒಂದು ದಿನದ ಲಾಭ ತಂದರೂ ಶಿಸ್ತಿಗೆ ಬಹುಕಾಲದ ನಷ್ಟವೆಂದು ಹೇಳದೆ ಗತ್ಯಂತರವಿಲ್ಲ.

ದಂಡದ ಬಲವು ಅದರ ಮೊತ್ತದಲ್ಲಿಲ್ಲ, ಅದರ ನಿಶ್ಚಯದಲ್ಲಿದೆ ಎಂಬುದೇ ಈ ಎಲ್ಲದರ ಸಾರ. ಸಣ್ಣ ದಂಡ, ತಪ್ಪದ ದಂಡ, ಬೇಗನೆ ತಲಪುವ ನೋಟೀಸು, ಸುಲಭವಾಗಿ ದೊರೆಯುವ ವಿಚಾರಣೆ: ಈ ನಾಲ್ಕೂ ಕೂಡಿದಲ್ಲಿ ಯಂತ್ರದ ಆಳ್ವಿಕೆಯು ನ್ಯಾಯದ ಆಳ್ವಿಕೆಯಾಗುತ್ತದೆ. ನಮ್ಮ ಅಧಿಕಾರಿಗಳು ಕ್ಯಾಮರಾಗಳನ್ನು ಮೊಟ್ಟಮೊದಲು ಶಾಲೆಗಳ ಬಳಿ ನಿಲ್ಲಿಸಲಿ. ಅವುಗಳ ಅಳತೆಯ ಪ್ರಮಾಣಪತ್ರವನ್ನು ಕೇಳಿದವರಿಗೆ ತೋರಿಸಲಿ. ರಿಯಾಯತಿಯ ಚಾಳಿಯನ್ನು ಬಿಡಲಿ. ನಾಗರಿಕರಾದರೂ ನೋಟೀಸನ್ನು ಮೂಲೆಗೆಸೆಯದೆ, ಚಿತ್ರವನ್ನು ನೋಡಿ, ತಪ್ಪಿದ್ದರೆ ಕಟ್ಟಲಿ. ಇಲ್ಲದಿದ್ದರೆ ಆಧಾರ ಸಹಿತ ಆಕ್ಷೇಪಿಸಲಿ. ಕೆಟ್ಟ ಮೇಲೆ ಬುದ್ಧಿ ಬಂತೆಂಬ ಗಾದೆಯು ಬೇರೆ ವಿಷಯಗಳಲ್ಲಿ ನಿಜವಾದರೆ ಆಗಲಿ. ಶಾಲೆಯ ಬಾಗಿಲಲ್ಲಿ ಅದು ನಿಜವಾಗುವುದಕ್ಕೆ ನಾವು ಎಡೆಗೊಡಬಾರದು.