ಸೂಜಿ ಕೈಗಿತ್ತರೆ ಚಿಕಿತ್ಸೆ ಮುಗಿಯುವುದಿಲ್ಲ

ಬೆಳಿಗ್ಗೆ ಎದ್ದಾಗ ಬೆರಳು ಮಡಚಲಾಗದ ರುಮಟಾಯ್ಡ್ ಸಂಧಿವಾತದ ರೋಗಿಗೆ ಬಯಲಾಜಿಕ್ ಚುಚ್ಚುಮದ್ದು ದೊಡ್ಡ ವರ. ಆ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಅದನ್ನು ಕೊಡುವ ರೀತಿಯಲ್ಲಿ. ಸಾವಿರಾರು ರೂಪಾಯಿಯ ಮದ್ದಿನ ಪೆಟ್ಟಿಗೆಯನ್ನು ಕೈಗಿಟ್ಟು, "ಹದಿನೈದು ದಿನಕ್ಕೊಮ್ಮೆ ಚುಚ್ಚಿಕೊಳ್ಳಿ" ಎಂದು ಕಳಿಸಿಬಿಟ್ಟರೆ ಅದು ಚಿಕಿತ್ಸೆಯಲ್ಲ, ಬರೀ ವ್ಯಾಪಾರ.

ಅಡಾಲಿಮುಮ್ಯಾಬ್, ಎಟನರ್ಸೆಪ್ಟ್, ಇನ್‌ಫ್ಲಿಕ್ಸಿಮ್ಯಾಬ್‌ನಂಥ ಮದ್ದುಗಳು ಕೀಲುಗಳ ಉರಿಯೂತಕ್ಕೆ ಕಾರಣವಾದ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುತ್ತವೆ. ದೇಹದೊಳಗೆ ಮಲಗಿರುವ ಕ್ಷಯದ ರೋಗಾಣುವನ್ನು ಕಟ್ಟಿಹಾಕಲು ಬೇಕಾದದ್ದೂ ಅದೇ ಪ್ರೋಟೀನು. 2001ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಇನ್‌ಫ್ಲಿಕ್ಸಿಮ್ಯಾಬ್ ಪಡೆದ 70 ಮಂದಿಗೆ ಕ್ಷಯ ಬಂದದ್ದನ್ನು ವರದಿ ಮಾಡಿತು. ಅವರಲ್ಲಿ 48 ಮಂದಿಗೆ ಅದು ಬಂದದ್ದು ಮೊದಲ ಮೂರು ಡೋಸುಗಳೊಳಗೆ. ಅರ್ಧಕ್ಕಿಂತ ಹೆಚ್ಚು ಮಂದಿಗೆ ರೋಗ ಶ್ವಾಸಕೋಶದ ಹೊರಗಿತ್ತು. ಅಂದರೆ, ಕೆಮ್ಮೇ ಇಲ್ಲದೆಯೂ ಕ್ಷಯ ಇರಬಹುದು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಭಾರತದಲ್ಲಿರುವಾಗ ಇಲ್ಲಿ ಈ ಮಾತನ್ನು ಸಣ್ಣದೆನ್ನುವಂತಿಲ್ಲ.

ಮೊದಲ ಡೋಸಿಗೆ ಮುನ್ನ ಎದೆಯ ಎಕ್ಸ್‌ರೇ, ಮಾಂಟೂ ಅಥವಾ ಇಗ್ರಾ ಪರೀಕ್ಷೆ, ಹೆಪಟೈಟಿಸ್ ಬಿ ರಕ್ತಪರೀಕ್ಷೆ ಆಗಬೇಕೆಂದು ವೈದ್ಯರೆಲ್ಲರಿಗೂ ಗೊತ್ತು. ಆದರೆ ಇವು ಒಮ್ಮೆ ಹಾಕಿಸಿಕೊಂಡು ಮರೆಯುವ ಠಸ್ಸೆಯಲ್ಲ. ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರಲ್ಲಿ ಸೋಂಕಿದ್ದರೂ ಪರೀಕ್ಷೆ 'ಇಲ್ಲ' ಎನ್ನಬಹುದು. ಪರೀಕ್ಷೆಯ ನಂತರ ಲೋಕಲ್ ರೈಲಿನ ಗರ್ದಿಯಲ್ಲಿ ಹೊಸದಾಗಿ ಸೋಂಕು ತಗಲಲೂಬಹುದು. ಬಿಡದ ಜ್ವರ, ರಾತ್ರಿ ಬೆವರು, ಇಳಿಯುವ ತೂಕ, ಉಬ್ಬಿದ ಗಂಟು ಕಂಡರೆ ಮುಂದಿನ ಡೋಸಿಗೆ ಮೊದಲು ವೈದ್ಯರನ್ನು ಕೇಳಬೇಕೆಂದು ರೋಗಿಗೆ ಹೇಳಿದವರು ಯಾರು?

"ಪೆಟ್ಟಿಗೆಯೊಳಗಿನ ಕಾಗದದಲ್ಲಿ ಎಲ್ಲ ಇದೆ" ಎಂಬುದು ಸಿದ್ಧ ಉತ್ತರ. ಇದೆ, ಸಣ್ಣಕ್ಷರದ ಇಂಗ್ಲಿಷಿನಲ್ಲಿ. ಪುಣೆಯಲ್ಲಿ ಮಗನ ಮನೆಯಲ್ಲಿರುವ, ಕನ್ನಡವೊಂದನ್ನೇ ಬಲ್ಲ ತಾಯಿಗೆ ಅದರಿಂದೇನು ಉಪಯೋಗ? ವೈದ್ಯರು ಮರಾಠಿಯಲ್ಲೋ ಹಿಂದಿಯಲ್ಲೋ ಕೇಳುತ್ತಾರೆ, ಮಗ ಉತ್ತರಿಸುತ್ತಾನೆ. ಅವಳು ಹೇಳಿದ "ಸಂಜೆಯಾದರೆ ಮೈ ಕಾಯ್ತದೆ, ರಾತ್ರಿ ಸೀರೆ ಒದ್ದೆಯಾಗ್ತದೆ" ಎಂಬ ಮಾತು ಅಲ್ಲಿಗೆ ತಲುಪುವಷ್ಟರಲ್ಲಿ "ಸ್ವಲ್ಪ ಜ್ವರ" ಆಗಿರುತ್ತದೆ. ರೋಗದ ಸುಳಿವು ಕಳೆದುಹೋಗುವುದು ಇಲ್ಲೇ.

"ಹೆಚ್ಚು ಹೇಳಿದರೆ ರೋಗಿ ಹೆದರುತ್ತಾನೆ" ಎಂಬುದು ಇನ್ನೊಂದು ವಾದ. ವಾಸ್ತವ ತಿರುವುಮುರುವು. ಏನೂ ತಿಳಿಯದವನೇ ಹೆದರಿ ಡೋಸ್ ಬಿಡುತ್ತಾನೆ, ಮೆಡಿಕಲ್ ಶಾಪಿನಿಂದ ಸ್ಟೀರಾಯ್ಡ್ ಮಾತ್ರೆ ತಂದು ನುಂಗುತ್ತಾನೆ. ಅದರ ಅಪಾಯ ಬಯಲಾಜಿಕ್‌ನದ್ದಕ್ಕಿಂತ ಕಡಿಮೆಯೇನಲ್ಲ.

ಹೇಳಬೇಕಾದದ್ದು ರಾಕೆಟ್ ವಿಜ್ಞಾನವೂ ಅಲ್ಲ. ಮದ್ದು 2ರಿಂದ 8 ಡಿಗ್ರಿಯಲ್ಲಿರಬೇಕು. ಹೆಪ್ಪುಗಟ್ಟಿದ್ದು ಕರಗಿದರೂ ಬಳಸಬಾರದು. ಹಾಗಾಗಿ ಮುಂಬೈಯಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಒಯ್ಯುವಾಗ ಐಸಿಗೆ ನೇರ ತಾಗಿಸಿ ಇಡಬಾರದು. ಚುಚ್ಚುವ ಜಾಗವನ್ನು ಪ್ರತಿಸಲ ಬದಲಿಸಬೇಕು. ಜೀವಂತ ರೋಗಾಣುವಿನ ಲಸಿಕೆ ಕೂಡದು, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳನ್ನು ಬಿಡಕೂಡದು. ಆಪರೇಷನ್ ಇದ್ದರೆ ಮೊದಲೇ ತಿಳಿಸಬೇಕು. ಹದಿನೈದು ನಿಮಿಷದ ಮಾತು.

2014ರಲ್ಲಿ ಭಾರತದ ಕಂಪನಿಯೊಂದು ಅಡಾಲಿಮುಮ್ಯಾಬ್‌ನ ಜಗತ್ತಿನ ಮೊದಲ ಬಯೋಸಿಮಿಲರ್ ಅನ್ನು ಮೂಲ ಮದ್ದಿನ ಸುಮಾರು ಐದನೇ ಒಂದು ಬೆಲೆಗೆ ಮಾರುಕಟ್ಟೆಗೆ ತಂದಿತು. ಅಂಥ ಮದ್ದು ತಯಾರಿಸಬಲ್ಲ ದೇಶಕ್ಕೆ ರೋಗಿಯ ಭಾಷೆಯಲ್ಲಿ ಒಂದು ಪುಟ ಅಚ್ಚು ಹಾಕಿಸಲಾಗದೆ? ಪರೀಕ್ಷೆಯ ಫಲಿತಾಂಶ, ಅಪಾಯದ ಲಕ್ಷಣ, ಕರೆ ಮಾಡಬೇಕಾದ ನಂಬರ್ ಇರುವ ಆ ಪುಟ ಕೈಗೆ ಬರದೆ ಮೊದಲ ಸೂಜಿ ಚುಚ್ಚಬಾರದು. ಅದನ್ನು ಕೊಡುವುದು ಆಸ್ಪತ್ರೆಯ ಕರ್ತವ್ಯ. ಕೇಳಿ ಪಡೆಯುವುದು ರೋಗಿಯ ಹಕ್ಕು.